ಮೊಸರಿನ ಡಬ್ಬಿಯಲ್ಲಿ ಮಾಟ

ಮಹಾಲಕ್ಷ್ಮಮ್ಮನ ಮನೆಗೆ ಯಾರೋ ಮಾಟ ಮಾಡಿಸಿದ್ದಾರೆ ಎಂಬುದು ಊರಿಗೆಲ್ಲ ಗೊತ್ತಾಗಲು ಒಂದು ಬೆಳಗ್ಗೆ ಸಾಕಾಯಿತು. ಮಧುಗಿರಿಯಿಂದ ಪಾವಗಡಕ್ಕೆ ಹೋಗುವ ದಾರಿಯ ಊರದು. ಕೈ ಅಡ್ಡ ಹಾಕಿದರೆ ಮಾತ್ರ ಬಸ್ಸು ಅಲ್ಲಿ ನಿಲ್ಲುತ್ತದೆ. ಇಂಥ ಸುದ್ದಿ ಹಾಗಲ್ಲ, ಪ್ರತಿ ಮನೆಯ ಮುಂದೂ ತಾನಾಗಿಯೇ ನಿಂತು ಹೋಗುತ್ತದೆ.

ಸಂಕ್ರಾಂತಿ ಕಳೆದು ಎರಡು ವಾರವಾಗಿತ್ತು. ಬಿತ್ತನೆಗೆಂದು ಕಡ್ಲೆಕಾಯಿ ಚೀಲಗಳನ್ನು ಜೋಡಿಸಿದ್ದ ಕಣಜದ ಕೋಣೆಯ ಮುಂದೆ ಮಹಾಲಕ್ಷ್ಮಮ್ಮ ಕಸ ಗುಡಿಸುತ್ತಿದ್ದಳು. ಹೊಸ್ತಿಲ ಬಳಿ ಒಂದು ಕಪ್ಪು ಉಂಡೆ ಬಿದ್ದಿತ್ತು. ಹೆಬ್ಬೆರಳಿನ ಗಾತ್ರ, ಎಣ್ಣೆ ಸವರಿದಂತೆ ಹೊಳಪು. ಬೆಕ್ಕಿನದಿರಬೇಕೆಂದು ಗುಡಿಸಿ ಹಾಕಿದಳು. ಮರುದಿನ ಎರಡು ಬಿದ್ದಿದ್ದವು. ಮೂರನೆಯ ದಿನ ಮತ್ತೊಂದು. ಇದೇನಪ್ಪಾ ಎಂದು ಪೊರಕೆ ಕಡ್ಡಿಯಿಂದ ಒಡೆದು ನೋಡಿದಳು. ಒಳಗೆ ಕೂದಲು. ಕೂದಲ ನಡುವೆ ಮೂಳೆ. ಮೂಳೆಯ ತುದಿಗೆ ಹಲ್ಲು.

"ಇಲ್ಲಿ ಬನ್ನಿ ವಸಿ," ಎಂದು ಗಂಡ ಕದರಪ್ಪನನ್ನು ಕೂಗಿದಳು.

ಕದರಪ್ಪ ಹಲ್ಲುಜ್ಜುತ್ತಲೇ ಬಂದು ಬಗ್ಗಿ ನೋಡಿದ. ಬಾಯಲ್ಲಿದ್ದ ಪೇಸ್ಟನ್ನು ನುಂಗಿಬಿಟ್ಟ.

"ಬೆಕ್ಕು ಕಕ್ಕಿರ್ಬೇಕು ಬುಡು."

"ದಿನಾ ಇದೇ ಜಾಗಕ್ಕೆ ಬಂದು ಕಕ್ಕಕ್ಕೆ ಬೆಕ್ಕು ಏನಾರ ಹರಕೆ ಹೊತ್ತೈತಾ?"

ಕದರಪ್ಪ ಅತ್ತಿತ್ತ ನೋಡಿ ದನಿ ತಗ್ಗಿಸಿದ. "ನಿಂಗೆ ಹೇಳಿರ್ಲಿಲ್ಲ. ಹೊತ್ತು ಮುಳುಗಿದ್ಮ್ಯಾಲೆ ಆ ಕೋಣೆ ಅಟ್ಟದಲ್ಲಿ ಯಾರೋ ಉಸ್ಸಂತ ಉಸಿರು ಬುಡ್ತಾರೆ."

"ಮೊದ್ಲೇ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಹತ್ತಿ ನೋಡು ಅಂತಿದ್ದೆ."

ಮಾಟವೆಂದ ಮೇಲೆ ಮಾಡಿಸಿದವರು ಇರಲೇಬೇಕು. ಮಹಾಲಕ್ಷ್ಮಮ್ಮನ ಮನಸ್ಸು ನೆಟ್ಟಗೆ ಪಕ್ಕದ ಮನೆಯ ಅಶ್ವತ್ಥಮ್ಮನ ಬಳಿಗೆ ಹೋಯಿತು. ಅಶ್ವತ್ಥಮ್ಮ ಪಾವಗಡದ ಆಚೆಯಿಂದ ಬಂದ ಸೊಸೆ. ಸಿಟ್ಟು ಬಂದರೆ ತೆಲುಗು, ಸಂತೋಷವಾದರೆ ಕನ್ನಡ. ಇಬ್ಬರೂ ಒಂದೇ ಸ್ತ್ರೀಶಕ್ತಿ ಸಂಘದವರು, ಹದಿನೆಂಟು ವರ್ಷದ ಜೊತೆ. ಹೋದ ತಿಂಗಳ ಸಂಘದ ಸಭೆಯಲ್ಲಿ ಅವಳು ಎಲ್ಲರ ಮುಂದೆ ಹೀಗೆ ಅಂದಿದ್ದಳು: "ಏನ್ ಲಕ್ಷ್ಮಕ್ಕ, ಈ ಸರ್ತಿ ನಿಮ್ಮನೇಲಿ ಇಲಿ ಕಾಟನೇ ಇಲ್ವಂತೆ! ನಮ್ಮನೇಲಿ ಚೀಲಕ್ಕೆಲ್ಲ ತೂತು ಹಾಕವೆ ಕಣಮ್ಮ."

ಅಂದು ಅದು ಬರೀ ಮಾತು. ಉಂಡೆ ಸಿಕ್ಕಿದ ಮೇಲೆ ಅದೇ ಮಾತು ಕಣ್ಣು ಹಾಕಿದ್ದು ಎಂದಾಯಿತು.

ತಾಯತ ಕಟ್ಟುವ ಬಸವಲಿಂಗಯ್ಯನನ್ನು ಕರೆಸಿದರು. ಆತ ಉಂಡೆಯನ್ನು ಕಣ್ಣು ಮುಚ್ಚಿಕೊಂಡೇ ಪರೀಕ್ಷಿಸಿದ.

"ದೂರದೋರಲ್ಲ, ಹತ್ರದೋರೇ. ಹೆಂಗಸು. ಹೆಸರು ಅಕಾರದಿಂದ ಶುರು."

"ಅಂಗಾದ್ರೆ ನಾನೇ ಇರ್ಬೋದು," ಎಂದಳು ಮಗಳು ಅನುಷಾ. ಅವಳು ಹತ್ತನೇ ತರಗತಿ. "ನಂದೂ ಅಕಾರನೇ."

"ಲೇ, ದೊಡ್ಡೋರ ಮಧ್ಯೆ ಬಾಯಿ ಹಾಕ್ಬ್ಯಾಡ," ಎಂದು ತಾಯಿ ಗದರಿದಳು.

ಬಸವಲಿಂಗಯ್ಯ ವಿಧಾನ ಹೇಳಿದ. ಬರುವ ಭಾನುವಾರ ಕೋಣೆಯ ಕಿಂಡಿ ಮುಚ್ಚಿ ಒಳಗೆ ಮೆಣಸಿನಕಾಯಿ ಹೊಗೆ ಹಾಕಬೇಕು. ಆಮೇಲೆ ಅಕಾರದ ಹೆಂಗಸು ಬಂದು ಕರ್ಪೂರ ಆರಿಸಿ ಆಣೆ ಮಾಡಬೇಕು. ಅಲ್ಲಿಯವರೆಗೆ ಸಿಕ್ಕಿದ ಉಂಡೆಗಳನ್ನೆಲ್ಲ ಒಂದು ಮಂಕರಿ ಬುಟ್ಟಿಯ ಕೆಳಗೆ ಕವುಚಿ ಇಡಬೇಕು, ಯಾರೂ ಮುಟ್ಟಬಾರದು.

ಬೀದಿ ಭಾನುವಾರದವರೆಗೆ ಕಾಯಲಿಲ್ಲ. ಅಶ್ವತ್ಥಮ್ಮನ ಮನೆಯಿಂದ ಹಾಲಿಗೆ ಹೆಪ್ಪು ತರುವುದನ್ನು ನಿಲ್ಲಿಸಿತು. ಅಷ್ಟು ವರ್ಷ ಆ ಬೀದಿಯ ಮೊಸರೆಲ್ಲ ಅವಳ ಹೆಪ್ಪಿನದೇ. ನಲ್ಲಿಯ ಬಳಿ ಅವಳು ಬಿಂದಿಗೆ ಇಟ್ಟರೆ ಮಿಕ್ಕವರು ತಮ್ಮ ಬಿಂದಿಗೆಯನ್ನು ಒಂದು ಮೊಳ ಹಿಂದಕ್ಕೆ ಎಳೆದುಕೊಂಡರು. ಬರುವ ಸೋಮವಾರ ಸಂಘದ ಸಭೆಯಿತ್ತು. ಅಶ್ವತ್ಥಮ್ಮನನ್ನು ಸಂಘದಿಂದ ತೆಗೆಯಬೇಕೆಂದು ಹೆಂಗಸರು ಆಗಲೇ ಮಾತಾಡಿಕೊಂಡಿದ್ದರು. ಅದನ್ನು ಬಾಯಿಬಿಟ್ಟು ಹೇಳಬೇಕಾದವಳು ಅಧ್ಯಕ್ಷೆ ಮಹಾಲಕ್ಷ್ಮಮ್ಮ. ಹೇಳಿದರೆ ಮಾಟಗಾತಿ ಎಂಬ ಹೆಸರು ಅಶ್ವತ್ಥಮ್ಮನಿಗೆ ಸಾಯುವವರೆಗೂ ಅಂಟುತ್ತದೆಂದು ಅವಳಿಗೆ ಗೊತ್ತಿತ್ತು. ನಾಲ್ಕು ದಿನದಿಂದ ಅವಳಿಗೆ ಊಟ ಸೇರುತ್ತಿರಲಿಲ್ಲ. ಅದೂ ಮಾಟದ್ದೇ ಗುಣವೆಂದುಕೊಂಡಳು.

ಶನಿವಾರ ಬೆಳಗ್ಗೆ ಮತ್ತೊಂದು ಉಂಡೆ ಸಿಕ್ಕಿತು. ಕೋಲಿನಿಂದ ತಳ್ಳಿಕೊಂಡು ಹೋಗಿ ಮಂಕರಿ ಎತ್ತಿದಳು. ಕೆಳಗೆ ಏನೂ ಇರಲಿಲ್ಲ.

"ಅಯ್ಯಯ್ಯೋ! ಮಾಟ ಎದ್ದು ಹೋಗ್ಬುಟ್ಟೈತೆ!"

ಕದರಪ್ಪ ತಲೆ ಕೆರೆದುಕೊಂಡ. "ಅನುಷಾ ಏನೋ ಮೊಸರಿನ ಡಬ್ಬಿ ಹಿಡ್ಕಂಡು ಬಸ್ ಹತ್ತಿದ್ಲು. ಮೊಸರನ್ನ ಅಂದ್ಕಂಡೆ."

ಅನುಷಾ ಶನಿವಾರ ಶನಿವಾರ ಮಧುಗಿರಿಗೆ ಹೋಗುತ್ತಿದ್ದಳು. ಅಲ್ಲಿ ಒಂದು ಚಿಕ್ಕ ವಸ್ತುಸಂಗ್ರಹಾಲಯವಿದೆ. ಮುಂದಿನ ಹಜಾರದಲ್ಲಿ ವೀರಗಲ್ಲು, ತುಕ್ಕು ಹಿಡಿದ ಕತ್ತಿ, ಕಾಳು ಅಳೆಯುವ ಹಳೇ ಕಾಲದ ಬಳ್ಳ, ಕೊಳಗ. ಹಿಂದಿನ ಕೋಣೆಯಲ್ಲಿ ಪ್ರಯೋಗಾಲಯ. ಸುತ್ತಲ ತಾಲ್ಲೂಕುಗಳ ಶಾಲೆಯ ಮಕ್ಕಳು ಅಲ್ಲಿ ಪರಿಸರದ ಬಗ್ಗೆ ತಾವೇ ಸಂಶೋಧನೆ ಮಾಡುತ್ತಾರೆ. ಪುಸ್ತಕ ನೋಡಿ ಬರೆಯುವಂತಿಲ್ಲ, ಕೈಯಾರೆ ಮಾಡಿ ನೋಡಬೇಕು. ಕೊರಟಗೆರೆಯ ಹುಡುಗನೊಬ್ಬ ಬಸ್ ನಿಲ್ದಾಣದ ಮರದ ಎಲೆ ತೊಳೆದು ಧೂಳು ತೂಗುತ್ತಿದ್ದ. ತಿರುಮಣಿಯ ಹುಡುಗಿ ಸೋಲಾರ್ ಫಲಕಗಳ ನೆರಳಲ್ಲಿ ಎಂಥ ಹುಲ್ಲು ಬೆಳೆಯುತ್ತದೆ ಎಂದು ನೋಡುತ್ತಿದ್ದಳು. ಶಿರಾದವರು ಕೆರೆ ನೀರಿನ ಹುಳು ಹಿಡಿದುಕೊಂಡಿದ್ದರು. ಒಳ್ಳೊಳ್ಳೆಯ ವಿಷಯವೆಲ್ಲ ಖಾಲಿಯಾಗಿ ಅನುಷಾಗೆ ಮಾತ್ರ ಏನೂ ಸಿಕ್ಕಿರಲಿಲ್ಲ. ಈಗ ಸಿಕ್ಕಿತ್ತು.

ಮಹಾಲಕ್ಷ್ಮಮ್ಮ ಮುಂದಿನ ಬಸ್ಸಿಗೆ ಕೈ ಅಡ್ಡ ಹಾಕಿದಳು.

ಪ್ರಯೋಗಾಲಯದ ಬಾಗಿಲಲ್ಲಿ ನಿಂತು ಅವಳು ಹಾಕಿದ ಕೂಗಿಗೆ ಮುಂದಿನ ಹಜಾರದ ಕಾವಲುಗಾರ ಎದ್ದು ಬಂದ. "ಮುಟ್ಬ್ಯಾಡ್ರೋ! ಯಾರೂ ಮುಟ್ಬ್ಯಾಡಿ!"

ಮೇಜಿನ ಸುತ್ತ ಕುಳಿತಿದ್ದ ಆರೇಳು ಮಕ್ಕಳು ತಲೆಯೆತ್ತಿದರು. ಎಲ್ಲರ ಮುಖಕ್ಕೂ ಮಾಸ್ಕು, ಕೈಗೆ ಗ್ಲೌಸು. ಒಂದೊಂದು ತಟ್ಟೆಯಲ್ಲಿ ಒಂದೊಂದು ಉಂಡೆ ನೀರಲ್ಲಿ ನೆನೆದು ಮೆತ್ತಗಾಗಿತ್ತು. ಅನುಷಾ ತಾಯಿಯನ್ನು ನೋಡಿ ಮೇಜಿನ ಕೆಳಗೆ ಜಾಗವಿದೆಯೇ ಎಂದು ಒಮ್ಮೆ ನೋಡಿದಳು.

"ಬನ್ನಿ ಅಮ್ಮ, ಕೂತ್ಕೊಳಿ," ಎಂದರು ಪ್ರಯೋಗಾಲಯ ನೋಡಿಕೊಳ್ಳುವ ಆಶಾರಾಣಿ ಮೇಡಂ. "ನಿಮ್ಮನೆ ಉಂಡೆನೇ ಬಿಚ್ತಾ ಇದೀವಿ."

"ಬಿಚ್ಚಿಬುಟ್ರಾ? ಮಾಟ ಬಿಚ್ಚಕ್ಕೆ ಮಂತ್ರ ಬ್ಯಾಡ್ವಾ?"

"ಬೇಡ. ಚಿಮಟ ಸಾಕು."

ಆಶಾರಾಣಿ ನಗಲಿಲ್ಲ. ಅದಕ್ಕೇ ಮಹಾಲಕ್ಷ್ಮಮ್ಮ ಕುಳಿತಳು. ನಕ್ಕಿದ್ದರೆ ಮಗಳನ್ನು ಎಳೆದುಕೊಂಡು ಹೊರಟುಬಿಡುತ್ತಿದ್ದಳು.

"ಮೊದ್ಲು ಇದನ್ನ ಬಿಸಿ ಪೆಟ್ಟಿಗೇಲಿ ಇಟ್ಟಿದ್ವಿ. ಕ್ರಿಮಿಗಿಮಿ ಇದ್ರೆ ಸಾಯ್ಲಿ ಅಂತ. ಬರಿಗೈಲಿ ಯಾವತ್ತೂ ಮುಟ್ಬಾರ್ದು. ನೀವೂ ಗ್ಲೌಸು, ಮಾಸ್ಕು ಹಾಕ್ಕೊಳಿ, ಒಂದು ಬಿಚ್ಚಿ ನೋಡಿ."

"ನಾನಾ?"

"ಹೂಂ. ಕೈ ನಡುಗುತ್ತೆ ಅಂದ್ರೆ ಬೇಡ."

ಕೈ ನಡುಗುತ್ತದೆ ಎಂದು ಯಾರಾದರೂ ಹೇಳಿದರೆ ಮಹಾಲಕ್ಷ್ಮಮ್ಮನಿಗೆ ಆಗುವುದಿಲ್ಲ. ನಲವತ್ತು ವರ್ಷ ಅಕ್ಕಿಯಲ್ಲಿ ಕಲ್ಲು, ಬಿತ್ತನೆ ಬೀಜದಲ್ಲಿ ಜೊಳ್ಳು ಆರಿಸಿದ ಕೈ ಅದು. ಚಿಮಟ ಹಿಡಿದಳು. ಮೊದಲು ದೇವರ ಹೆಸರು ಹೇಳಿಕೊಂಡಳು. ಎರಡನೇ ನಿಮಿಷಕ್ಕೆ ಅದನ್ನು ಮರೆತಳು. ಕೂದಲು ಒಂದು ಕಡೆ, ಮೂಳೆ ಒಂದು ಕಡೆ. ಮಕ್ಕಳು ಒಂದು ಮೂಳೆ ತೆಗೆಯುವಷ್ಟರಲ್ಲಿ ಅವಳು ನಾಲ್ಕು ತೆಗೆದು ಸಾಲಾಗಿ ಇಟ್ಟಳು. ಕೊನೆಗೆ ಕಡ್ಲೆಬೀಜಕ್ಕಿಂತ ಸ್ವಲ್ಪ ದೊಡ್ಡದಾದ ಒಂದು ಬುರುಡೆ ಇಡಿಯಾಗಿ ಹೊರಗೆ ಬಂತು. ಮುಂದೆ ಬಾಗಿದ ಎರಡು ಹಳದಿ ಹಲ್ಲು.

"ಇದು ಇಲಿ ಹಲ್ಲಲ್ವಾ?"

"ಇಲೀದೇ."

"ಇನ್ನೊಂದೈತೆ. ಇದೂ ಇಲಿ." ಅವಳು ಉಂಡೆಯನ್ನು ತಿರುವಿದಳು. "ಮಾಟಕ್ಕೆ ಇಷ್ಟೊಂದು ಇಲಿ ಯಾಕಮ್ಮ?"

"ಅಮ್ಮ, ನೀವು ಹುಣಸೆಹಣ್ಣು ಬಾಯಿಗೆ ಹಾಕ್ಕೊಂಡ್ರೆ ಬೀಜ ಏನ್ಮಾಡ್ತೀರಿ?"

"ಉಗೀತೀವಿ."

"ಇದೂ ಅಷ್ಟೆ. ಆ ಪ್ರಾಣಿ ಇಲೀನ ಇಡಿಯಾಗಿ ನುಂಗುತ್ತೆ. ಮಾಂಸ ಅರಗುತ್ತೆ. ಕೂದ್ಲು, ಮೂಳೆ ಅರಗಲ್ಲ. ಅವನ್ನ ಹೊಟ್ಟೇಲೇ ಉಂಡೆ ಕಟ್ಟಿ ಬಾಯಿಂದ ಆಚೆ ಹಾಕುತ್ತೆ. ಈ ಮಕ್ಕಳು ಇದಕ್ಕೆ ಉಗುಳುಂಡೆ ಅಂತ ಹೆಸರಿಟ್ಟಿದಾರೆ."

"ಯಾವ ಪ್ರಾಣಿ?"

ಮಕ್ಕಳೆಲ್ಲ ಅನುಷಾಳ ಕಡೆ ತಿರುಗಿದರು. ಅನುಷಾ ಮಾಸ್ಕು ಇಳಿಸಿದಳು. "ಅಮ್ಮ, ಬೈಬ್ಯಾಡ. ಗೂಬೆ."

ಚಿಮಟ ತಟ್ಟೆಗೆ ಬಿತ್ತು.

"ಗೂಬೆನಾ! ನಮ್ಮನೇಲಾ! ಮಾಟ ಆಗಿದ್ರೆ ಹೆಂಗೋ ಬಿಚ್ಚಿಸ್ಬೋದಾಗಿತ್ತು. ಗೂಬೆ ಹೊಕ್ಕ ಮನೆ ಬುಡ್ಲೇಬೇಕಲ್ಲವ್ವ! ಬಾಗ್ಲಿಗೆ ಮುಳ್ಳು ಬಡಿದು ಆರು ತಿಂಗ್ಳು ಆಚೆ ಇರ್ಬೇಕು!"

ಆಶಾರಾಣಿ ಗೋಡೆಯ ಮೇಲಿನ ಒಂದು ಚಿತ್ರ ತೋರಿಸಿದರು. ಬಿಳೀ, ಹೃದಯದಾಕಾರದ ಮೋರೆಯ ಹಕ್ಕಿ. "ಕೆಳಗೆ ಏನು ಬರೆದಿದೆ ಓದಿ ಅಮ್ಮ."

ಮಹಾಲಕ್ಷ್ಮಮ್ಮ ಕಣ್ಣು ಕಿರಿದು ಮಾಡಿ ಓದಿದಳು. "ಕಣಜ ಗೂಬೆ. ಕಣಜ ಅಂತ ಯಾಕೆ?"

"ಕಣಜ ಇದ್ದ ಕಡೆ ಇಲಿ. ಇಲಿ ಇದ್ದ ಕಡೆ ಇದು. ನಿಮ್ಮ ಕಡ್ಲೆಕಾಯಿ ಇದಕ್ಕೆ ಬೇಡ, ಅದನ್ನ ತಿನ್ನೋರು ಬೇಕು."

ತಿರುಮಣಿಯ ಹುಡುಗಿ ಎಲ್ಲರ ತಟ್ಟೆಯ ಬುರುಡೆ ಎಣಿಸಿ ಹಲಗೆಯ ಮೇಲೆ ಬರೆದಳು. ಒಂಬತ್ತು ಉಂಡೆ. ಇಪ್ಪತ್ತಾರು ಇಲಿ. ಒಂದು ಮೂಗಿಲಿ. "ಇದು ಮಂಕರಿ ಕೆಳಗೆ ಇಟ್ಟಿದ್ದು ಮಾತ್ರ ಆಂಟಿ," ಎಂದಳು. "ಹೊಲದಲ್ಲಿ ಉಗಿದಿರೋದು ಬೇರೆ."

ಮಹಾಲಕ್ಷ್ಮಮ್ಮ ಹಲಗೆಯನ್ನೇ ನೋಡುತ್ತಿದ್ದಳು. ನಿಮ್ಮನೇಲಿ ಇಲಿ ಕಾಟನೇ ಇಲ್ವಂತೆ ಎಂದಿದ್ದಳು ಅಶ್ವತ್ಥಮ್ಮ. ಇರಲಿಲ್ಲ. "ದೀಪಾವಳಿ ಆದ್ಮ್ಯಾಲೆ ಒಂದು ಚೀಲಕ್ಕೂ ತೂತು ಬಿದ್ದಿಲ್ಲ," ಎಂದಳು. ಅಶ್ವತ್ಥಮ್ಮ ಕಂಡದ್ದನ್ನು ಕಂಡಂತೆ ಹೇಳಿದ್ದಳು, ಅಷ್ಟೆ.

ಆದರೂ ಮಹಾಲಕ್ಷ್ಮಮ್ಮ ಸುಲಭಕ್ಕೆ ಬಗ್ಗುವವಳಲ್ಲ. "ಇಲಿ ಹಿಡಿದ್ರೆ ಹಿಡೀಲಿ. ಮನೆಗೆ ಕೇಡಲ್ವಾ?"

"ಅದನ್ನ ನಾನು ಹೇಳಲ್ಲ. ಇಲ್ಲಿ ಯಾರೋ ಹೇಳಿದ್ದನ್ನ ಯಾರೂ ಬರ್ಕೊಳಲ್ಲ. ದೀಪಾವಳಿಯಿಂದ ಅದು ನಿಮ್ಮನೇಲಿದೆ ಅಂತ ಇಟ್ಕೊಳಿ. ಅಲ್ಲಿಂದ ಇಲ್ಲೀತನಕ ಏನು ಕೇಡಾಯ್ತು, ನೀವೇ ಹೇಳಿ."

ಮಹಾಲಕ್ಷ್ಮಮ್ಮ ಬೆರಳು ಮಡಿಸಲು ಕೂತಳು. ಕದರಪ್ಪನ ಮಂಡಿನೋವು. ಅದು ಹತ್ತು ವರ್ಷ ಹಳೆಯದು. ಎಮ್ಮೆ ಈಯಿತು, ಹೆಣ್ಣುಗರು. ಅನುಷಾ ಗಣಿತದಲ್ಲಿ ಪಾಸಾದಳು, ಅದು ಅವರ ಮನೆತನದಲ್ಲೇ ಮೊದಲು. ಮಡಿಸಿದ ಬೆರಳನ್ನೆಲ್ಲ ಒಂದೊಂದಾಗಿ ಬಿಚ್ಚಬೇಕಾಯಿತು. ಕೊನೆಗೆ ಕೇಡು ಎಂದು ಉಳಿದದ್ದು ಒಂದೇ. ಹದಿನೆಂಟು ವರ್ಷದ ಗೆಳತಿಯ ಜೊತೆ ಮಾತು ನಿಂತಿತ್ತು. ಅದನ್ನು ಗೂಬೆ ಮಾಡಿರಲಿಲ್ಲ.

ಅಷ್ಟರಲ್ಲಿ ಫೋನ್ ಬಂತು. ಕದರಪ್ಪ. "ಬಸವಲಿಂಗಯ್ಯನೋರು ಇವತ್ತೇ ಬಂದ್ಬುಟ್ಟವ್ರೆ. ನಾಳೆ ಅವ್ರಿಗೆ ಕೊರಟಗೆರೇಲಿ ಗೃಹಪ್ರವೇಶ ಐತಂತೆ. ಮೆಣಸಿನಕಾಯಿ ರೆಡಿ, ಕೆಂಡ ಕೇಳ್ತಾವ್ರೆ. ಅಶ್ವತ್ಥಮ್ಮನ್ನೂ ಕರ್ಸವ್ರೆ. ಊರೆಲ್ಲ ಸೇರೈತೆ. ಏನ್ಮಾಡ್ಲಿ?"

ಪಕ್ಕದಲ್ಲೇ ಇದ್ದ ಆಶಾರಾಣಿಗೆ ಅದೆಲ್ಲ ಕೇಳಿಸಿತು. "ಅಟ್ಟದಲ್ಲಿ ಉಸ್ ಅನ್ನೋ ಸದ್ದು ಇದೆ ಅಂತ ಅನುಷಾ ಹೇಳಿದ್ಲು. ಅದು ಮರಿಗಳ ಸದ್ದು ಅಮ್ಮ. ಕಿಂಡಿ ಮುಚ್ಚಿ ಹೊಗೆ ಹಾಕಿದ್ರೆ ಒಂದೂ ಉಳಿಯಲ್ಲ."

ಮಹಾಲಕ್ಷ್ಮಮ್ಮ ಫೋನಿಗೆ ಕಿರುಚಿದಳು. "ಕೆಂಡ ಕೊಡ್ಬ್ಯಾಡಿ! ನಾನು ಬರೋಗಂಟ ನೀವು ಬೀಡಿ ಕೂಡ ಹಚ್ಬ್ಯಾಡಿ!"

ವಸ್ತುಸಂಗ್ರಹಾಲಯದ ಹಳೇ ಜೀಪಿನಲ್ಲಿ ಆಶಾರಾಣಿ, ತಾಯಿ, ಮಗಳು ಮೂವರೂ ಹೊರಟರು. ಮಕ್ಕಳು ಅವಸರದಲ್ಲಿ ಮೂಳೆಗಳನ್ನು ಅಂಟಿಸಿಕೊಟ್ಟ ರಟ್ಟು ಅನುಷಾಳ ತೊಡೆಯ ಮೇಲಿತ್ತು.

ಅಂಗಳದಲ್ಲಿ ಜನ ತುಂಬಿದ್ದರು. ಬಸವಲಿಂಗಯ್ಯ ಮೆಣಸಿನಕಾಯಿ ತುಂಬಿದ ಮಡಕೆ ಹಿಡಿದು ಕಾಯುತ್ತಿದ್ದ. ಬೆಂಕಿಪೊಟ್ಟಣ ಸಿಗುತ್ತಿಲ್ಲವೆಂದು ಕದರಪ್ಪ ಮುಕ್ಕಾಲು ಗಂಟೆಯಿಂದ ಹುಡುಕುತ್ತಿದ್ದ. ಅದು ಅವನ ಜೇಬಿನಲ್ಲೇ ಇತ್ತು. ನಡುವೆ ಅಶ್ವತ್ಥಮ್ಮ ಒಬ್ಬಳೇ ನಿಂತಿದ್ದಳು. ಅವಳ ಎರಡೂ ಪಕ್ಕ ಒಂದೊಂದು ಮಾರು ಜಾಗ ಖಾಲಿ ಬಿಟ್ಟಿದ್ದರು.

ಮಹಾಲಕ್ಷ್ಮಮ್ಮನನ್ನು ಕಂಡದ್ದೇ ಅವಳು ಒಂದು ಹೆಜ್ಜೆ ಮುಂದೆ ಬಂದಳು. "ಏಮಮ್ಮಾ ಲಕ್ಷ್ಮಕ್ಕ, ನೇನಾ? ನಾನಾ ನಿಂಗೆ ಮಾಟ ಮಾಡ್ಸೋಳು? ನಿನ್ನ ಬಾಣಂತನದಲ್ಲಿ ನಿನ್ನ ಮಗಳಿಗೆ ಎಣ್ಣೆ ನೀರು ಹಾಕಿದ ಕೈ ಇದು."

ಮಹಾಲಕ್ಷ್ಮಮ್ಮ ಏಣಿ ತಂದು ಅಟ್ಟಕ್ಕೆ ಆನಿಸಿ ಹತ್ತಿದಳು. ಮೊಬೈಲಿನ ಬೆಳಕು ಹಾಯಿಸಿದಳು. ಮೂಲೆಯ ಹಳೇ ಮೊರದ ಹಿಂದೆ ಐದು ಮರಿಗಳು ಒತ್ತಾಗಿ ಕೂತಿದ್ದವು. ಹತ್ತಿ ಉಂಡೆಯಂಥ ಮೈ, ಅಗಲ ಬಿಳೀ ಮುಖ. ಐದೂ ಒಟ್ಟಿಗೆ ತಲೆ ತೂಗಿ ಉಸ್ಸೆಂದವು, ಊಟಕ್ಕೆ ತಡಮಾಡಿದ ಸೊಸೆಯನ್ನು ಅತ್ತೆಯರು ನೋಡುವ ಹಾಗೆ ನೋಡಿದವು. ಅವಳಿಗೆ ಒಂದು ಕ್ಷಣ ಕಾಲು ಜಾರಿತು. ಮರುಕ್ಷಣ ನಗು ಬಂತು. ನಗು ಮುಗಿಯುವ ಮೊದಲೇ ಅಳುವೂ ಬಂತು.

ಏಣಿಯ ನಡುಮೆಟ್ಟಿಲಲ್ಲೇ ತಿರುಗಿ ನಿಂತು ಜನರಿಗೆ ಹೇಳಿದಳು. "ಎಲ್ರೂ ಕೇಳಿ. ಗೂಬೆ ಕೂತಿರೋದು ನಮ್ಮನೆ ಅಟ್ಟದ ಮ್ಯಾಲೆ. ನಾನು ಕೂರ್ಸಿದ್ದು ಅಶ್ವತ್ಥಮ್ಮನ ಮ್ಯಾಲೆ. ತಪ್ಪು ನಂದು."

ಅನುಷಾ ರಟ್ಟನ್ನು ಎತ್ತಿ ಹಿಡಿದು ಒಂದೊಂದು ಮೂಳೆಯನ್ನೂ ತೋರಿಸಿದಳು. ಹಿಂದೆ ನಿಂತವರು ಮುಂದೆ ಬಂದರು. ಮುಂದೆ ಬಂದವರಿಗೆ ಅಶ್ವತ್ಥಮ್ಮನ ಪಕ್ಕದಲ್ಲೇ ಜಾಗ ಇದ್ದದ್ದು, ಅಲ್ಲೇ ನಿಂತರು.

"ಅಟ್ಟದಲ್ಲಿ ಏನೋ ಐತೆ ಅಂತ ನಂಗೆ ಅವತ್ತೇ ಗೊತ್ತಿತ್ತು," ಎಂದ ಬಸವಲಿಂಗಯ್ಯ.

"ಅಕಾರದ ಹೆಂಗಸು ಅಂದ್ರಲ್ಲ ಸ್ವಾಮಿ?" ಎಂದ ಕದರಪ್ಪ.

"ಅಟ್ಟನೂ ಅಕಾರನೇ ಕಣಯ್ಯ," ಎಂದು ಆತ ಮಡಕೆ ಎತ್ತಿಕೊಂಡು ಹೊರಟ.

ಎಲ್ಲರೂ ನಕ್ಕರು. ಅಶ್ವತ್ಥಮ್ಮ ನಗಲಿಲ್ಲ. "ಅಂಗಳದಲ್ಲಿ ಅಂದ್ರೆ ಸಾಲ್ದು ಲಕ್ಷ್ಮಕ್ಕ. ಇಷ್ಟು ದಿನ ನನ್ನ ಹೆಪ್ಪು ಯಾರೂ ಮುಟ್ಟಿಲ್ಲ," ಎಂದು ಹೇಳಿ ಮನೆಗೆ ಹೋದಳು.

ಸೋಮವಾರದ ಸಭೆಯಲ್ಲಿ ಮಹಾಲಕ್ಷ್ಮಮ್ಮ ಎದ್ದು ನಿಂತು ಮೊದಲಿಂದ ಕಡೆಯವರೆಗೆ ಎಲ್ಲವನ್ನೂ ಹೇಳಿದಳು. ಪೊರಕೆ ಕಡ್ಡಿ, ಮಂಕರಿ, ತಾನು ಆಡಿದ ಮಾತು, ಒಂದನ್ನೂ ಬಿಡಲಿಲ್ಲ. ಆಮೇಲೆ ಚೀಲದಿಂದ ಒಂದು ಖಾಲಿ ಲೋಟ ತೆಗೆದು ಅಶ್ವತ್ಥಮ್ಮನ ಮುಂದೆ ಇಟ್ಟಳು. "ಹೆಪ್ಪು ಬೇಕಿತ್ತು. ಮನೇಲಿ ಹಾಲು ಕಾಯ್ಸಿಟ್ಟು ಬಂದಿವ್ನಿ."

ಅಶ್ವತ್ಥಮ್ಮ ಲೋಟವನ್ನು ತನ್ನ ಕಡೆಗೆ ಎಳೆದುಕೊಂಡಳು. "ಕೊಡ್ತೀನಿ. ಮರಿ ದೊಡ್ಡವಾದ್ಮೇಲೆ ಒಂದನ್ನ ನಮ್ಮನೆ ಕಡೆ ಕಳ್ಸು."

"ಕಳ್ಸಕ್ಕೆ ಅದೇನು ಕೋಳಿನಾ? ಅದಾಗೇ ಬರ್ಬೇಕು. ಮೊದ್ಲು ನೀನು ಇಲಿ ಪಾಷಾಣ ಇಡೋದು ನಿಲ್ಸು. ಪಾಷಾಣ ತಿಂದ ಇಲೀನ ತಿಂದ್ರೆ ಗೂಬೆನೂ ಸಾಯ್ತದಂತೆ. ಮೇಡಂ ಹೇಳವ್ರೆ."

"ಆಯ್ತು. ಜಾಗ ಎಲ್ಲಿ ಮಾಡ್ಲಿ?"

ಅದೇ ಸಭೆಯಲ್ಲಿ ಅದೂ ತೀರ್ಮಾನವಾಯಿತು. ಅಶ್ವತ್ಥಮ್ಮನ ಹಿತ್ತಲ ಗೋಡೆಗೆ ಒಂದು ಮರದ ಪೆಟ್ಟಿಗೆ ಏರಿತು. ಬೀದಿಯ ಏಳು ಮನೆಯವರು ಈಗ ಉಗುಳುಂಡೆ ಕಂಡರೆ ಚಿಮಟದಲ್ಲಿ ಎತ್ತಿ, ಕಾಗದದಲ್ಲಿ ಸುತ್ತಿ, ದಿನಾಂಕ ಬರೆದು ಅನುಷಾಗೆ ಕೊಡುತ್ತಾರೆ. ಯಾವ ತಿಂಗಳು ಎಷ್ಟು ಇಲಿ, ಯಾವ ಬೆಳೆಯ ಹೊತ್ತಿಗೆ ಜಾಸ್ತಿ ಎಂದು ಅವಳು ಮಧುಗಿರಿಯ ಹಲಗೆಯ ಮೇಲೆ ಬರೆಯುತ್ತಾಳೆ. ಶನಿವಾರ ಪುರುಸೊತ್ತಿದ್ದರೆ ತಾಯಿಯೂ ಜೊತೆಗೆ ಹೋಗುತ್ತಾಳೆ. ಚಿಮಟ ಹಿಡಿಯುವುದರಲ್ಲಿ ಅವಳನ್ನು ಮೀರಿಸಿದವರು ಆ ಪ್ರಯೋಗಾಲಯದಲ್ಲಿ ಇನ್ನೂ ಹುಟ್ಟಿಲ್ಲವೆಂದು ಅವಳೇ ಹೇಳುತ್ತಾಳೆ.

ಇದನ್ನು ಓದಿದ ಅಕ್ಕಂದಿರೇ, ರೇಡಿಯೋದಲ್ಲಿ ಕೇಳಿದ ಅಣ್ಣಂದಿರೇ, ನಿಮ್ಮ ಅಟ್ಟದಲ್ಲೋ ಹೊಲದ ಶೆಡ್ಡಿನಲ್ಲೋ ಗೂಬೆ ಇದ್ದರೆ ಇರಲಿ ಬಿಡಿ. ಮನೆ ಬಿಡಬೇಡಿ, ಅದನ್ನೂ ಓಡಿಸಬೇಡಿ. ಹಿಡಿಯುವುದು, ಮಾರುವುದು, ಕೊಲ್ಲುವುದು ಕಾನೂನಿನಲ್ಲೂ ಅಪರಾಧ. ಗಾಯಗೊಂಡ ಹಕ್ಕಿ ಕಂಡರೆ ಅರಣ್ಯ ಇಲಾಖೆಗೆ ತಿಳಿಸಿ. ಇಲಿ ಪಾಷಾಣ ಇಡುವ ಮುನ್ನ ಆ ಇಲಿಯನ್ನು ತಿನ್ನಲು ಯಾರು ಬರುತ್ತಾರೆಂದು ಯೋಚಿಸಿ. ಮಕ್ಕಳು ಏನನ್ನಾದರೂ ಬಿಚ್ಚಿ ನೋಡುತ್ತೇವೆ ಎಂದರೆ ಕೈಗೆ ಗ್ಲೌಸು ಕೊಟ್ಟು, ಗೊತ್ತಿರುವವರ ಬಳಿಗೆ ಕಳಿಸಿ. ನಾಳೆ ಬೆಳಗ್ಗೆ ನಿಮ್ಮ ಹೊಸ್ತಿಲ ಬಳಿಯೂ ಗೊತ್ತಿಲ್ಲದ್ದೊಂದು ಬಿದ್ದಿರಬಹುದು. ಅದನ್ನು ಮಧುಗಿರಿಯ ನಮ್ಮ ಪ್ರಯೋಗಾಲಯಕ್ಕೆ ತನ್ನಿ. ಯಾರ ಹೆಸರನ್ನೂ ತರಬೇಡಿ.